ಭೈರವಿಗೆ ಮುಂಚೆ

ಬಲಗಾಲಿನ ಗಂಟಿನ ಒಳಬದಿಗೆ ಹುಣಸೆಬೀಜದಷ್ಟು ಅಗಲದ ಒಂದು ಕಪ್ಪು ಗುರುತು. ಪಿಟೀಲಿನ ತಲೆ ವರ್ಷಗಟ್ಟಲೆ ಅಲ್ಲಿ ಊರಿ ಊರಿ ಚರ್ಮ ಗಟ್ಟಿಯಾಗಿತ್ತು. ನೋಡಿದವರು ಸುಟ್ಟ ಕಲೆಯೆಂದುಕೊಳ್ಳುತ್ತಿದ್ದರು. ಕಚೇರಿಗಳಲ್ಲಿ ನುಡಿಸುವವರ ಕಾಲಿನಲ್ಲಿ ಇಂಥ ಗುರುತನ್ನು ಕಂಡಿದ್ದೇನೆ. ಕಚೇರಿಗೆ ಕೂರದವರ ಕಾಲಿನಲ್ಲಿ ಕಂಡದ್ದು ನನ್ನ ಮಿಸ್ ಒಬ್ಬರಲ್ಲೇ.

ಸಂಗೀತ ಕಲಿಸುವ ಹೆಂಗಸರನ್ನು ನಮ್ಮ ಕಡೆ ಮಿಸ್ ಎಂದೇ ಕರೆಯುತ್ತೇವೆ. ಅವರ ಮನೆ ಮರ್ಫಿ ಟೌನಿನಲ್ಲಿ. ವಾರದಲ್ಲಿ ಎರಡು ಬೆಳಿಗ್ಗೆ, ಆಫೀಸಿಗೆ ಹೋಗುವ ಮೊದಲು, ಅಲ್ಲಿಗೆ ಹೋಗಿ ಪಿಟೀಲು ಕಲಿಯುತ್ತೇನೆ. ಮುಂದಿನ ಕೋಣೆಯಲ್ಲಿ ಒಂದು ಚಾಪೆ. ಗೋಡೆಯ ಗೂಡಿನಲ್ಲಿ ಬುದ್ಧನ ಚಿಕ್ಕ ಮೂರ್ತಿ, ಅದರ ಪಕ್ಕದಲ್ಲಿ ಬ್ಯಾಂಡಿನವರ ಕೋಟು ತೊಟ್ಟು ನಿಂತ ಅವರ ತಂದೆಯ ಫೋಟೊ. ಕಂಟೋನ್ಮೆಂಟಿನ ಮದುವೆ ಪಾರ್ಟಿಗಳಲ್ಲಿ ಅವರು ಪಿಟೀಲು ನುಡಿಸುತ್ತಿದ್ದರಂತೆ. ಅದೇ ಪಿಟೀಲನ್ನು ಮಗಳ ಕೈಗೆ ಕೊಟ್ಟು, ಹಲಸೂರಿನ ವಿದ್ವಾಂಸರೊಬ್ಬರ ಬಳಿ ಕರ್ನಾಟಕ ಸಂಗೀತ ಕಲಿಯಲು ಬಿಟ್ಟರು. ಮಿಸ್ ಕಲಿತರು, ಒಂದು ಶಾಲೆಯಲ್ಲಿ ಸಂಗೀತದ ಟೀಚರಾದರು, ಮನೆಯಲ್ಲೂ ಪಾಠ ಹೇಳತೊಡಗಿದರು. ಕಚೇರಿಗೆ ಪಕ್ಕವಾದ್ಯ ನುಡಿಸಲು ಮಾತ್ರ ಅವರನ್ನು ಯಾರೂ ಕರೆದಿರಲಿಲ್ಲ. ಬೇಡ ಎಂದವರೂ ಇಲ್ಲ. ಪ್ರತಿ ಸಲವೂ ಇನ್ನೊಬ್ಬರ ಹೆಸರು ಮೊದಲು ನೆನಪಿಗೆ ಬರುತ್ತಿತ್ತು, ಅಷ್ಟೆ.

ಪಾಠ ಮುಗಿದು ನಾನು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಅವರು ತಮಗಾಗಿ ನುಡಿಸಿಕೊಳ್ಳಲು ಶುರು ಮಾಡುತ್ತಿದ್ದರು. ಹೆಚ್ಚಾಗಿ ಭೈರವಿ ರಾಗ. ಹೊರಗಿನ ಮೆಟ್ಟಿಲ ಮೇಲೆ ನಿಂತು ಕೇಳುತ್ತಾ ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ. ಆ ಭೈರವಿಗೆ ಅವಸರವಿರಲಿಲ್ಲ. ಒಂದೇ ಸ್ವರದ ಸುತ್ತ ಕಮಾನು ಹೋಗಿ ಬಂದು, ಇನ್ನೇನು ಮೇಲಕ್ಕೆ ಏರುತ್ತದೆ ಎನ್ನುವಾಗ ಮತ್ತೆ ಕೆಳಗಿಳಿದು ಬರುತ್ತಿತ್ತು. ಒಮ್ಮೆ ಕೇಳಿಬಿಟ್ಟೆ, ಇದನ್ನು ಎಲ್ಲಾದರೂ ನುಡಿಸಿದ್ದೀರಾ ಎಂದು.

"ಎಲ್ಲಿ ಮಾ? ಭೈರವಿ ಮೇನ್ ಐಟಮ್ಮು. ಅದಕ್ಕೆ ಒಂದು ಪೂರ್ತಿ ಕಚೇರಿ ಬೇಕು, ಮುಂದೆ ಒಬ್ರು ಹಾಡೋರು ಬೇಕು. ಒಂದೇ ಒಂದು ಸಲ, ಮೊದಲಿನ ವರ್ಣದಿಂದ ಕೊನೆಯ ಮಂಗಳದ ತನಕ ಕೂತು ಎದ್ರೆ ಸಾಕು ನಂಗೆ."

ಅವರು ನನ್ನೆದುರು ಬಾಯಿಬಿಟ್ಟು ಹೇಳಿದ ಆಸೆ ಅದೊಂದೇ.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನಮ್ಮದೊಂದು ಕಟ್ಟಡವಿದೆ. ತಾತ ರಾಗಿ ಬೆಳೆಯುತ್ತಿದ್ದ ಜಾಗ. ಈಗ ಕೆಳಗೆ ಪಾತ್ರೆ ಅಂಗಡಿ, ಅದರ ಮೇಲೆ ಟ್ಯೂಷನ್ ಸೆಂಟರ್, ಎಲ್ಲಕ್ಕೂ ಮೇಲೆ ಒಂದು ಹಾಲ್. ತಿಂಗಳಿಗೊಂದು ಭಾನುವಾರ ಸಂಜೆ ಆ ಹಾಲ್‌ನಲ್ಲಿ ನಮ್ಮ ಬಡಾವಣೆಯ ಸಂಗೀತ ಸಭೆಯ ಕಚೇರಿ ನಡೆಯುತ್ತದೆ. ಸದಸ್ಯರಲ್ಲಿ ಬಹುಪಾಲು ವಿಮಾನ ಕಾರ್ಖಾನೆಯಿಂದಲೂ ಸಿ.ವಿ. ರಾಮನ್ ನಗರದ ಆಫೀಸುಗಳಿಂದಲೂ ನಿವೃತ್ತರಾದವರು, ಅವರ ಮನೆಯವರು. ಹಾಲ್ ನಮ್ಮದಾದ್ದರಿಂದ ಅಪ್ಪನೂ ಬರುತ್ತಾರೆ. ಕೊನೆಯ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂರುತ್ತಾರೆ. ಅವರಿಗೆ ರಾಗ ತಾಳ ತಿಳಿಯದು, ಅದನ್ನು ಮುಚ್ಚಿಡುವುದೂ ಇಲ್ಲ. ನಾನು ವೇದಿಕೆಯ ಮೇಲೆ, ಹಾಡುವವರ ಹಿಂದೆ, ತಂಬೂರಿ ಹಿಡಿದು ಕೂರುತ್ತೇನೆ. ಯಾರೂ ನನ್ನನ್ನು ನೋಡದ ಜಾಗ ಅದು. ನನಗೆ ಅದೇ ಹಿತ.

ಮಿಸ್ ಒಂದು ಕಚೇರಿಯನ್ನೂ ತಪ್ಪಿಸುತ್ತಿರಲಿಲ್ಲ. ಬರುವಾಗ ಪಿಟೀಲಿನ ಪೆಟ್ಟಿಗೆ ಜೊತೆಯಲ್ಲೇ ಇರುತ್ತಿತ್ತು. ಅದನ್ನು ಕುರ್ಚಿಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. ಭಾನುವಾರ ಇಂದಿರಾನಗರದಲ್ಲಿ ಮಕ್ಕಳ ಪಾಠವಿದೆ, ಅಲ್ಲಿಂದ ನೇರ ಬಂದೆ ಎನ್ನುತ್ತಿದ್ದರು. ಆ ಪಾಠ ಮಧ್ಯಾಹ್ನವೇ ಮುಗಿಯುತ್ತದೆಂದು ನನಗೆ ಗೊತ್ತಿತ್ತು.

ಸಭೆಯ ಕಾರ್ಯದರ್ಶಿ ತಮಾಷೆ ಮಾಡುತ್ತಿದ್ದರು. "ಏನ್ ಮೇಡಂ, ಜನ ಛತ್ರಿ ತರೋ ಹಾಗೆ ನೀವು ಪಿಟೀಲು ತರ್ತೀರಲ್ಲ!"

"ಮಳೆ ಯಾವಾಗ ಬರುತ್ತೋ ಯಾರಿಗ್ ಗೊತ್ತು ಸಾರ್," ಎನ್ನುತ್ತಿದ್ದರು ಮಿಸ್.

ಇನ್ನೊಮ್ಮೆ ಮುಂದಿನ ಸಾಲಿನ ಹಿರಿಯ ಹೆಂಗಸೊಬ್ಬರು ಅವರ ಮನೆ ಎಲ್ಲಿ ಎಂದು ಕೇಳಿದರು. ಉತ್ತರ ಕೇಳಿದ ಮೇಲೆ, "ಮರ್ಫಿ ಟೌನಾ? ಅಲ್ಲೂ ಸಂಗೀತ ಇದೆಯೇನ್ರೀ?" ಎಂದರು.

"ಇದೆ ಅಮ್ಮ. ನಲ್ಲೀಲಿ ನೀರು ಬಂದ ದಿನ ಮಾತ್ರ ಗಲಾಟೆಗೆ ಕೇಳ್ಸಲ್ಲ."

ಸುತ್ತ ಇದ್ದವರು ನಕ್ಕರು. ಆ ಹೆಂಗಸೂ ನಕ್ಕರು. ಆಮೇಲೆ ಮಾತು ಮುಂದುವರಿಯಲಿಲ್ಲ.

ನಾನು ಹೇಳಹೊರಟಿರುವ ಭಾನುವಾರ ಮಧ್ಯಾಹ್ನದಿಂದಲೇ ಮಳೆ ಹಿಡಿದಿತ್ತು. ಅಂದು ಹಾಡಬೇಕಾದ ಯುವ ಗಾಯಕರು ಮೆಟ್ರೋದಲ್ಲಿ ಬೇಗ ಬಂದು ಕೂತಿದ್ದರು. ಮೃದಂಗದವರೂ ಬಂದರು. ಪಿಟೀಲಿನವರು ವೈಟ್‌ಫೀಲ್ಡ್ ಕಡೆ ಒಂದು ಮದುವೆಯಲ್ಲಿ ನುಡಿಸಿ ಬರಬೇಕಿತ್ತು. ಶುರುವಾಗುವ ಹೊತ್ತಿಗೆ ಕಾರ್ಯದರ್ಶಿ ಮೆಟ್ಟಿಲ ಬಳಿ ನಿಂತು ಫೋನಿನಲ್ಲಿ ಕೂಗುತ್ತಿದ್ದರು.

"ಎಲ್ಲಿದ್ದೀರ್ರೀ? ಕೆ.ಆರ್. ಪುರ ಬ್ರಿಜ್ಜಾ? ಇನ್ನೂ ಟಿನ್ ಫ್ಯಾಕ್ಟರಿಗೇ ಬಂದಿಲ್ವಾ? ಇಳಿದು ನಡ್ಕೊಂಡಾದ್ರೂ ಬನ್ನಿ ಅನ್ನೋಣಾಂದ್ರೆ ನೀರು ನಿಂತಿದೆ ಅಂತೀರಿ!"

ಫೋನ್ ಇಟ್ಟು ಹಾಲ್‌ನೊಳಗೆ ನೋಡಿದರು. ಅವರ ಕಣ್ಣು ಕುರ್ಚಿಯ ಕೆಳಗಿನ ಪೆಟ್ಟಿಗೆಯ ಮೇಲೆ ನಿಂತಿತು. ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಅಂದು ಕೈ ಮುಗಿದೇ ಕೇಳಿದರು. "ಮೇಡಂ, ನೀವೇ ಕಾಪಾಡ್ಬೇಕು. ಕೂತ್ಕೊಳ್ತೀರಾ?"

ಪಕ್ಕದ ಕೋಣೆಯಲ್ಲಿ ಗಾಯಕರು ಅಂದಿನ ಕೃತಿಗಳನ್ನು ಮಿಸ್‌ಗೆ ಒಂದೊಂದಾಗಿ ಹೇಳಿದರು. ಕೊನೆಗೆ, "ಮೇನ್ ಭೈರವಿ ಇಟ್ಕೊಂಡಿದೀನಿ ಮೇಡಂ. ಪರವಾಗಿಲ್ವಾ?" ಎಂದರು.

"ಆಗ್ಲಿ," ಎಂದರು ಮಿಸ್.

ಹೊರಗೆ ಬಂದವರೇ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. "ಭೈರವಿ ಅಂತೆ ಮಾ," ಎಂದು ಪಿಸುಗುಟ್ಟಿದರು.

ವೇದಿಕೆಯಲ್ಲಿ ಪೆಟ್ಟಿಗೆ ತೆರೆದು, ಕಮಾನಿಗೆ ರಾಳ ಉಜ್ಜಿ, ತಂತಿಯ ಮೇಲೆ ಒಮ್ಮೆ ಎಳೆದರು. ನನಗೆ ಆಶ್ಚರ್ಯವಾಯಿತು. ಪಾಠದಲ್ಲಿ ನಮ್ಮ ಪಿಟೀಲುಗಳ ಶ್ರುತಿ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಐದು ಮನೆ. ಗಂಡಸರು ಹಾಡುವುದು ಅದಕ್ಕಿಂತ ಬಹಳ ಕೆಳಗೆ, ಒಂದು ಮನೆಯ ಆಸುಪಾಸಿನಲ್ಲಿ. ಅಷ್ಟು ಇಳಿಸಿ ತಂತಿ ಕೂರಿಸಲು ಹೊತ್ತು ಬೇಕು. ಮಿಸ್ ಬಿರಡೆಗಳನ್ನು ಕೂದಲೆಳೆಯಷ್ಟು ತಿರುಗಿಸಿದರು, ಅಷ್ಟೆ. ಪಿಟೀಲು ಗಾಯಕರ ಶ್ರುತಿಗೆ ಮೊದಲೇ ಇಳಿದಿತ್ತು. ಪ್ರತಿ ತಿಂಗಳು ಬರುವ ಕಲಾವಿದರ ಶ್ರುತಿ ಯಾವುದೆಂದು ಯಾರನ್ನೋ ಕೇಳಿ ತಿಳಿದು, ಆ ಶ್ರುತಿಗೆ ಇಳಿಸಿಯೋ ಏರಿಸಿಯೋ ತಂದು, ಕುರ್ಚಿಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರೆಂದು ನನಗೆ ಆಗ ತಿಳಿಯಿತು.

ಕಚೇರಿ ಚೆನ್ನಾಗಿ ಶುರುವಾಯಿತು. ವರ್ಣದಲ್ಲಿ ಮಿಸ್ ಸ್ವಲ್ಪ ಅಂಜಿದಂತಿತ್ತು, ಗಣಪತಿಯ ಕೃತಿಯ ಹೊತ್ತಿಗೆ ಕೈ ಸಲೀಸಾಯಿತು. ಮೂರನೆಯದಾಗಿ ಗಾಯಕರು ಕಲ್ಯಾಣಿ ರಾಗವನ್ನು ವಿಸ್ತರಿಸಿ ಹಾಡಿದರು. ಅವರದು ಮುಗಿದ ಮೇಲೆ ಪಿಟೀಲಿನ ಸರದಿ. ಮಿಸ್ ಚಿಕ್ಕದಾಗಿ ನುಡಿಸಿ ನಿಲ್ಲಿಸಿದರು. ಹಾಡುವವರಿಗಿಂತ ಕಡಿಮೆ ನುಡಿಸಬೇಕೆಂಬುದು ಪಕ್ಕವಾದ್ಯದವರ ಮರ್ಯಾದೆ. ಆದರೆ ಅವರು ಕೈ ಬಿಗಿಹಿಡಿದದ್ದು ಅದಕ್ಕಾಗಿ ಮಾತ್ರವಲ್ಲ. ಉಳಿದದ್ದನ್ನು ಭೈರವಿಗೆ ಇಟ್ಟುಕೊಂಡಿದ್ದರು. ಗಾಯಕರು ತಿರುಗಿ "ಭೇಷ್" ಎಂದರು. ಸಭೆಯವರಿಗೆ ಮಿಸ್ ಕೈಯಲ್ಲಿ ಏನಿದೆಯೆಂದು ಗೊತ್ತಾಗಲು ಅಷ್ಟು ಸಾಕಾಗಿರಲಿಕ್ಕಿಲ್ಲ.

ಕಲ್ಯಾಣಿಯ ಕೃತಿ ಮುಗಿದು ಒಂದು ಪುಟ್ಟ ಚುರುಕಾದ ಕೃತಿ ನಡೆಯುತ್ತಿದ್ದಾಗ ಹಿಂದಿನ ಬಾಗಿಲು ತೆರೆಯಿತು. ಬರಬೇಕಾಗಿದ್ದ ಪಿಟೀಲಿನವರು ಅಲ್ಲಿ ನಿಂತಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ವಾದ್ಯದ ಪೆಟ್ಟಿಗೆಗೆ ಮಾತ್ರ ಪ್ಲಾಸ್ಟಿಕ್ ಸುತ್ತಿತ್ತು. ಕೃತಿ ಮುಗಿಯುವವರೆಗೂ ಅವರು ಅಲ್ಲೇ ನಿಂತರು. ಚಪ್ಪಾಳೆಯಾದಾಗ ಮಿಸ್‌ರತ್ತ ನೋಡಿ, ಕೂತಿರಿ ಎನ್ನುವಂತೆ ಅಂಗೈ ತೋರಿಸಿದರು. ಅದನ್ನು ನಾನು ಸ್ಪಷ್ಟವಾಗಿ ಕಂಡೆ. ಆದರೆ ಮಿಸ್ ಗಾಯಕರ ಮುಖ ನೋಡಿದರು. ಗಾಯಕರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಬಾಗಿಲಿನತ್ತ ತಿರುಗಿ, "ಬನ್ನಿ ಬನ್ನಿ, ಒಳ್ಳೇ ಟೈಮಿಗೆ ಬಂದ್ರಿ, ಮೇನ್ ಇನ್ನೂ ಇದೆ!" ಎಂದು ಖುಷಿಯಿಂದ ಕರೆದರು.

ಮಿಸ್ ಆಗಲೇ ಕಮಾನು ಕೆಳಗಿಟ್ಟಿದ್ದರು.

ನೀವೇ ಮುಂದುವರಿಸಿ ಎಂದು ಒಬ್ಬರು ಅಂದಿದ್ದರೂ ಸಾಕಿತ್ತು. ಮುಂದಿನ ಸಾಲಿನವರು, ಮೃದಂಗದವರು, ಗಾಯಕರು, ಅವರ ಬೆನ್ನ ಹಿಂದೆಯೇ ಇದ್ದ ನಾನು. ಪ್ರತಿಯೊಬ್ಬರೂ ಆ ಮಾತು ಇನ್ನೊಬ್ಬರು ಆಡಬೇಕಾದ್ದು ಎಂದುಕೊಂಡೆವೇನೋ. ಮಿಸ್ ಸೆರಗು ಸರಿಮಾಡಿಕೊಂಡು ಎದ್ದು, ಗಾಯಕರಿಗೆ ಕೈ ಮುಗಿದು, ಪಿಟೀಲನ್ನು ಎದೆಗೊತ್ತಿಕೊಂಡು ಕೆಳಗಿಳಿದರು. ಸಭೆ ಚಪ್ಪಾಳೆ ತಟ್ಟಿತು. ಜೋರಾಗಿಯೇ ತಟ್ಟಿತು.

ನನ್ನ ಬೆರಳು ತಂಬೂರಿಯ ಮೇಲೆ ನಿಂತುಹೋಗಿತ್ತು. ಗಾಯಕರು ಅರ್ಧ ತಿರುಗಿ ನೋಡಿದ ಮೇಲೆ ಮತ್ತೆ ಮೀಟಿದೆ.

ಭೈರವಿ ನಡೆಯಿತು. ಬಂದವರು ಚೆನ್ನಾಗಿ ನುಡಿಸಿದರು, ತುಂಬ ಚೆನ್ನಾಗಿ. ಇದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಮಿಸ್ ಕೊನೆಯವರೆಗೂ ತಮ್ಮ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮಂಗಳವಾದ ಮೇಲೆ ಸನ್ಮಾನ. ಪಿಟೀಲಿಗೆಂದು ತಂದಿದ್ದ ಶಾಲು ಒಂದೇ. ಅದನ್ನು ಬಂದವರಿಗೆ ಹೊದಿಸಿದರು. ವಂದನಾರ್ಪಣೆಯಲ್ಲಿ ಕಾರ್ಯದರ್ಶಿ, "ಕಷ್ಟದ ಸಮಯದಲ್ಲಿ ನಮ್ಮ ಸದಸ್ಯೆಯೊಬ್ಬರು ಕೂಡ ಸಹಕರಿಸಿದರು" ಎಂದರು. ಆಮೇಲೆ ಏನೋ ಕಸಿವಿಸಿಯಾಗಿರಬೇಕು, ಹಣ್ಣಿನ ಚೀಲವೊಂದನ್ನು ಹಿಡಿದು ಮಿಸ್‌ರನ್ನು ಹುಡುಕಿಕೊಂಡು ಮೆಟ್ಟಿಲವರೆಗೆ ಬಂದರು. ಅಷ್ಟರಲ್ಲಿ ಅವರು ಆಟೋ ಹತ್ತಿಯಾಗಿತ್ತು.

ನಾನೂ ಅಪ್ಪನೂ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದೆವು.

"ಅಲ್ಲಮ್ಮ, ನಿಮ್ ಮಿಸ್ಸು ಯಾಕೆ ಮಧ್ಯದಲ್ಲಿ ಎದ್ದೋದ್ರು? ಚೆನ್ನಾಗೇ ನುಡುಸ್ತಿದ್ರಲ್ಲ."

"ಬರಬೇಕಾದೋರು ಬಂದ್ರು ಅಪ್ಪ."

"ಬಂದ್ರೆ ಬರ್ಲಿ. ಕೂತು ಕೇಳೋಕೆ ಕುರ್ಚಿ ಇರ್ಲಿಲ್ವಾ?"

ಕಚೇರಿಯ ಪದ್ಧತಿಯನ್ನು ಅವರಿಗೆ ವಿವರಿಸಬಹುದಿತ್ತು. ವಿವರಿಸಲು ಹೋದರೆ ನನಗೇ ಅದು ಸರಿಯೆನಿಸದೆಂದು ಗೊತ್ತಿತ್ತು.

ಈಗಲೂ ಮಿಸ್ ಸಭೆಗೆ ಬರುತ್ತಾರೆ. ಅದೇ ಕುರ್ಚಿ, ಅದೇ ತಾಳ. ಪಿಟೀಲು ಮಾತ್ರ ತರುವುದಿಲ್ಲ. ಕಾರ್ಯದರ್ಶಿಯೂ ಛತ್ರಿಯ ಮಾತು ಎತ್ತುವುದಿಲ್ಲ. ಮಿಸ್‌ರದೇ ಒಂದು ಕಚೇರಿ ಇಡಿಸಬೇಕೆಂದು ನಾನು ಸಮಿತಿಯಲ್ಲಿ ಕೇಳಿದೆ. ಎಲ್ಲರೂ ಒಪ್ಪಿದರು. ಮಿಸ್ ಒಪ್ಪಲಿಲ್ಲ. "ಕೇಳಿ ಕೊಡಿಸ್ಕೊಳ್ಳೋದು ಬೇಡ ಮಾ. ಅವತ್ತು ತಾನಾಗೇ ಬಂದಿತ್ತು," ಎಂದಷ್ಟೇ ಹೇಳಿದರು.

ಆ ಭಾನುವಾರದ ಮಾರನೆಯ ಬೆಳಿಗ್ಗೆ ನನ್ನ ಪಾಠದ ದಿನ. ಹೋಗುವುದೋ ಬೇಡವೋ ಎಂದು ಯೋಚಿಸಿ ಹೋದೆ. ಮರ್ಫಿ ಟೌನಿನ ರಸ್ತೆಯಲ್ಲಿ ಮಳೆನೀರು ಇನ್ನೂ ಇಂಗಿರಲಿಲ್ಲ. ಮಿಸ್ ಚಾಪೆಯ ಮೇಲೆ ಕೂತು ಬಿರಡೆ ತಿರುಗಿಸುತ್ತಾ, ತಂತಿಗಳನ್ನು ಒಂದು ಮನೆಯಿಂದ ನಮ್ಮ ಐದು ಮನೆಗೆ ಏರಿಸುತ್ತಿದ್ದರು. ತಲೆಯೆತ್ತದೆ ಕೇಳಿದರು.

"ನಿನ್ನೆ ತಂಬೂರಿ ಯಾಕೆ ನಿಲ್ಲಿಸ್ದೆ?"

ನಾನು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಚಾಪೆಯ ಅಂಚಿನಲ್ಲಿ ಕೂತೆ.

"ಯಾರು ಎದ್ರೂ ತಂಬೂರಿ ನಿಲ್ಲಿಸಬಾರದು ಮಾ. ಹಾಡೋರಿಗೆ ಕಷ್ಟ ಆಗುತ್ತೆ."

"ಮಿಸ್, ಭೈರವಿ ನುಡಿಸ್ತೀರಾ? ಇವತ್ತು ನಾನು ಕೂತೇ ಕೇಳ್ತೀನಿ."

ಅವರು ಕೊನೆಯ ತಂತಿಯನ್ನು ಮೀಟಿ ನೋಡಿದರು. ಇನ್ನೂ ಸೇರಿರಲಿಲ್ಲ. ಮತ್ತೆ ಸ್ವಲ್ಪ ತಿರುಗಿಸಿದರು.

"ನಿಂಗೆ ಆಫೀಸಿಗೆ ಲೇಟಾಗುತ್ತೆ. ವರ್ಣ ತೆಗಿ."

ನನ್ನ ಪಿಟೀಲನ್ನು ಪೆಟ್ಟಿಗೆಯಿಂದ ತೆಗೆದು, ಅದರ ತಲೆಯನ್ನು ಬಲಗಾಲಿನ ಮೇಲೆ ಊರಿಕೊಂಡು ಮೋಹನ ರಾಗದ ವರ್ಣ ನುಡಿಸಿದೆ. ವೇಗ ಇಮ್ಮಡಿಯಾಗುವ ಎರಡನೆಯ ಕಾಲದಲ್ಲಿ ತಪ್ಪಿದೆ. ಮಿಸ್ ತಾಳ ನಿಲ್ಲಿಸಿ, "ಮೊದಲಿಂದ," ಎಂದರು. ಮೊದಲಿನಿಂದ ನುಡಿಸಿದೆ.