ಕಾಲು ಗಟ್ಟಿಯಿರುವ ಅಕ್ಷರ

ಅವರ ಎಡಗಣ್ಣಿನ ಸುತ್ತ ಯಾವಾಗಲೂ ಒಂದು ಕೆಂಪು ಉಂಗುರವಿರುತ್ತಿತ್ತು. ಅಕ್ಷರ ನೋಡುವ ಪುಟ್ಟ ಭೂತಗನ್ನಡಿಯನ್ನು ದಿನವಿಡೀ ಒತ್ತಿ ಹಿಡಿದು ಮೂಡಿದ ಗುರುತು ಅದು.

ಕಾಪುವಿನ ಪೇಟೆಯಲ್ಲಿ ಅವರದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಊರಿನವರೆಲ್ಲ ಅವರನ್ನು, ಕೊಂಕಣಿಯಲ್ಲಿ ಅಕ್ಕ ಎನ್ನುವಂತೆ, ‘ಬಾಯಿ’ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಸ್ಕತ್ತಿನ ಮುದ್ರಣಾಲಯವೊಂದರಲ್ಲಿ ಬಹಳ ವರ್ಷ ದುಡಿದು ಬಂದವರು. ಮದುವೆಯಾಗಿರಲಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲೇ ವಾಸ. ಮಣಿಪಾಲದಲ್ಲಿ ವಿನ್ಯಾಸದ ಡಿಪ್ಲೊಮಾ ಮುಗಿಸಿದ ನನಗೆ ಮೊದಲು ಕೆಲಸ ಕೊಟ್ಟವರು ಅವರೇ.

ಅಂಗಡಿಗೆ ಬರುತ್ತಿದ್ದುದು ಪಂಚಾಯತಿನ ನೋಟಿಸು, ಔಷಧದ ಚೀಟಿ, ಇಗರ್ಜಿಯ ಹಾಡಿನ ಹಾಳೆ, ಮರಣವಾರ್ತೆ. ಇಂಗ್ಲಿಷ್ ಅಕ್ಷರಕ್ಕೂ ಅಂಕಿಗೂ ಬಾಯಿ ಬಳಸುತ್ತಿದ್ದುದು ಒಂದೇ ಜಾತಿಯ ಫಾಂಟು, ಸ್ಲ್ಯಾಬ್ ಸೆರಿಫ್. ಅದರ ಗೆರೆಗಳು ಹೆಚ್ಚುಕಡಿಮೆ ಒಂದೇ ದಪ್ಪ. ಪ್ರತಿ ಗೆರೆಯ ತುದಿಗೂ ಇಟ್ಟಿಗೆ ಇಟ್ಟಂತೆ ಚಪ್ಪಟೆಯಾದ ಪಾದ. ನನಗೆ ಅದು ಒರಟಾಗಿ ಕಾಣುತ್ತಿತ್ತು.

“ಮದುವೆ ಕಾಗದಕ್ಕೆ ಇದು ಬೇಡ. ಇದು ಕೆಲಸಕ್ಕೆ ಹೋಗುವ ಅಕ್ಷರ ಮಾರಾಯ್ತಿ” ಎನ್ನುತ್ತಿದ್ದರು. ಸಾಲುಗಳನ್ನು ನಾನು ಹತ್ತಿರ ಹತ್ತಿರ ಕೂರಿಸಿದರೆ, “ಇವರು ದಪ್ಪ ಜನ. ಒತ್ತಿ ಕೂರಿಸಿದರೆ ಉಸಿರು ಕಟ್ತದೆ. ಸ್ವಲ್ಪ ಜಾಗ ಬಿಡು” ಎಂದು ತಾವೇ ಸರಿಮಾಡುತ್ತಿದ್ದರು.

ಭಾನುವಾರವೂ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಬಾಗಿಲು ತೆರೆಯುತ್ತಿದ್ದರು. ಗಿರಾಕಿ ಯಾರೂ ಬರುವುದಿಲ್ಲವಲ್ಲ ಎಂದು ಒಮ್ಮೆ ಕೇಳಿದೆ. “ಮೇಲೆ ಕೂತು ಎಂತ ಮಾಡುದು? ಮಾತಾಡ್ಲಿಕ್ಕೆ ಯಾರುಂಟು?” ಎಂದರು. ನಗುತ್ತಲೇ ಹೇಳಿದರು.

ಒಂದು ದಿನ ಅವರು ಉಡುಪಿಗೆ ಹೋಗಿದ್ದಾಗ ಮರಣವಾರ್ತೆಯೊಂದು ಬಂತು. ದೋಣಿಯಲ್ಲಿ ದುಡಿದ ಹಿರಿಯರೊಬ್ಬರದು. ಮರುದಿನ ಬೆಳಿಗ್ಗೆ ಎಂಟೂವರೆಗೆ ಅಂತ್ಯಕ್ರಿಯೆ. ನಾನು ನನ್ನಿಷ್ಟದ ಫಾಂಟು ಹಾಕಿದೆ. ಅಲ್ಲಲ್ಲಿ ಕೂದಲೆಳೆಯಷ್ಟು ತೆಳ್ಳಗಾಗುವ, ನಾಜೂಕಾದ ಅಕ್ಷರ. ನಮ್ಮ ಹಳೆಯ ಜೆರಾಕ್ಸ್ ಮೆಷಿನ್ ಆ ತೆಳು ಗೆರೆಗಳನ್ನೆಲ್ಲ ನುಂಗಿತು. ಹೊತ್ತನ್ನು ಬರೀ ‘8.30’ ಎಂದು ಹಾಕಿದ್ದೆ, ಬೆಳಿಗ್ಗೆ ಎಂದಿರಲಿಲ್ಲ; ಆ ಎಂಟರ ಎಡಭಾಗ ಅಳಿಸಿಹೋಗಿ ಮೂರಾಯಿತು. ನಾನು ನೋಡಲಿಲ್ಲ.

ಊರಿನವರಿಗೆ ಒಬ್ಬರಿಂದೊಬ್ಬರಿಗೆ ಹೊತ್ತು ತಿಳಿದಿತ್ತು. ಹೆಜಮಾಡಿಯ ಮುದುಕರೊಬ್ಬರಿಗೆ ಸಿಕ್ಕಿದ್ದು ಕಾಗದ ಮಾತ್ರ. ತೀರಿಕೊಂಡವರ ಜೊತೆ ಒಂದೇ ದೋಣಿಯಲ್ಲಿ ಜೀವನ ಕಳೆದವರು. ಮಧ್ಯಾಹ್ನ ಮೂರಕ್ಕೆ ಹೂವಿನ ಹಾರ ಹಿಡಿದು ಬಂದರೆ ಎಲ್ಲ ಮುಗಿದಿತ್ತು. ಅಲ್ಲಿಂದ ನೇರ ನಮ್ಮ ಅಂಗಡಿಗೆ ಬಂದು ಕಾಗದ ಮುಂದಿಟ್ಟರು.

“ಮೂರೂವರೆ ಅಂತ ಉಂಟಲ್ವಾ ಇದರಲ್ಲಿ? ಅಥವಾ ನನ್ನ ಕಣ್ಣು ಹೋಯಿತಾ?”

ಬಾಯಿ ಕಾಗದದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ನನ್ನ ಕಡೆ ತಿರುಗಲಿಲ್ಲ.

“ನಿಮ್ಮ ಕಣ್ಣು ಸರಿ ಉಂಟು ಅಣ್ಣ. ತಪ್ಪು ನನ್ನದು.”

ಶಟರ್ ಎಳೆದು, ರಿಕ್ಷಾ ಕರೆದು ಅವರನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದರು. ನಾನೂ ಹಿಂದೆ ಹತ್ತಿ ಕುಳಿತೆ. ಮುದುಕರು ಹಸಿ ಮಣ್ಣಿನ ಮೇಲೆ ಹಾರವಿಟ್ಟು, “ತಡ ಆಯ್ತು ಮಾರಾಯ” ಎಂದರು. ಮತ್ತೆ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು. ಅವರು ಏಳುವವರೆಗೆ ಬಾಯಿ ಬಿಸಿಲಿನಲ್ಲಿ ನಿಂತೇ ಇದ್ದರು. ‘ಅದು ನಾನು ಮಾಡಿದ್ದು’ ಎಂದು ಆ ಮುದುಕರಿಗೆ ನಾನು ಕೊನೆಗೂ ಹೇಳಲಿಲ್ಲ.

ಬೈಗುಳಕ್ಕೆ ಕಾದೆ. ಮರುದಿನ ಬೆಳಿಗ್ಗೆ ಬಾಯಿ ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದು ನನ್ನದು. ಇನ್ನೊಂದು, ಅದೇ ಮರಣವಾರ್ತೆಯನ್ನು ತಮ್ಮ ದಪ್ಪ ಪಾದದ ಅಕ್ಷರದಲ್ಲಿ ಜೋಡಿಸಿ ಅದೇ ಮೆಷಿನ್ನಿನಲ್ಲಿ ತೆಗೆದ ಪ್ರತಿ. ಅದರಲ್ಲಿ ಎಂಟು ಎಂಟಾಗಿಯೇ ಇತ್ತು.

“ನಿನ್ನ ಅಕ್ಷರ ಚಂದ ಉಂಟು. ನಾನು ಅಲ್ಲ ಅನ್ನುದಿಲ್ಲ. ಆದರೆ ಅದಕ್ಕೆ ಒಳ್ಳೆ ಕಾಗದ ಬೇಕು, ಒಳ್ಳೆ ಮೆಷಿನ್ ಬೇಕು. ನಮ್ಮಲ್ಲಿ ಎರಡೂ ಇಲ್ಲ. ಓದುವವರ ಹತ್ತಿರ ಒಳ್ಳೆ ಕಣ್ಣೂ ಇಲ್ಲ. ಇದು ಎಂತ ಆದರೂ ನಿಲ್ತದೆ.”

ಅಷ್ಟೇ. ಆ ವಿಷಯ ಮತ್ತೆ ಎತ್ತಲಿಲ್ಲ.

ಮರಣವಾರ್ತೆಗಳೆಲ್ಲ ವಾಟ್ಸಾಪಿಗೆ ಹೋದ ಮೇಲೆ ಅಂಗಡಿ ನಡೆಯಲಿಲ್ಲ. ಬಾಯಿ ಅದನ್ನು ಮುಚ್ಚಿ ಕಾರ್ಕಳದಲ್ಲಿ ಸಿಸ್ಟರುಗಳು ನಡೆಸುವ ಆಶ್ರಮವೊಂದಕ್ಕೆ ಹೋದರು. ನಾನು ಮಣಿಪಾಲದಲ್ಲಿ ಪಠ್ಯಪುಸ್ತಕಗಳ ವಿನ್ಯಾಸದ ಕೆಲಸಕ್ಕೆ ಸೇರಿದೆ. ಮೊದಲು ತಿಂಗಳಿಗೊಮ್ಮೆ ಅವರನ್ನು ನೋಡಲು ಹೋಗುತ್ತಿದ್ದೆ, ಆಮೇಲೆ ಹಬ್ಬಕ್ಕೊಮ್ಮೆ. ಕೊನೆಯ ಸಲ ಹೋದಾಗ ನಾನು ಮಾಡಿದ ಮಕ್ಕಳ ಪುಸ್ತಕವೊಂದನ್ನು ತೋರಿಸಿದೆ. ಪುಟವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, “ಸಾಲಿಗೆ ಜಾಗ ಬಿಟ್ಟಿದ್ದೀಯ” ಎಂದರು. ಹೊರಡುವಾಗ ನನ್ನ ಕೈ ಬಿಡಲು ತಡಮಾಡಿದರು. ನನಗೆ ಬಸ್ಸಿನ ಅವಸರವಿತ್ತು.

ಅವರು ತೀರಿಕೊಂಡ ದಿನ ಆಶ್ರಮದಿಂದ ಫೋನು ಬಂತು. ಅವರ ಹತ್ತಿರ ಇದ್ದದ್ದು ನನ್ನ ನಂಬರೊಂದೇ ಅಂತೆ. ಮಣ್ಣು ಮಾಡುವಾಗ ನಾಲ್ಕು ಮಂದಿ ಸಿಸ್ಟರುಗಳು, ಪಾದ್ರಿಗಳು, ನಾನು. ಆಮೇಲೆ ಕಚೇರಿಯಲ್ಲಿ ರಿಜಿಸ್ಟರು ಮುಂದಿಟ್ಟರು. ಹೆಸರು ಬರೆದೆ, ವಿಳಾಸ ಬರೆದೆ. ‘ಸಂಬಂಧ’ ಎಂಬಲ್ಲಿ ಪೆನ್ನು ನಿಂತಿತು.

“ಖಾಲಿ ಬಿಡ್ಬೇಡಿ. ಎಂತಾದರೂ ಬರೀರಿ” ಎಂದರು ಸಿಸ್ಟರ್.

‘ಇವರಿಂದ ಕೆಲಸ ಕಲಿತವಳು’ ಎಂದು ಬರೆದೆ.

ಅವರು ಓದಿ, “ಅಷ್ಟೇ ಸಾಕಾ?” ಎಂದರು.

ಸಾಕು ಎಂದೆ. ಪೆನ್ನು ಹಿಂದಕ್ಕೆ ಕೊಡಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.