ಭಾವನ ನೀಲಿ ಸೈನ್ಯ, ನನ್ನ ಕೆಂಪು ದಂಡು

ನಿಮ್ಮ ತಾತ ತೀರಿಕೊಂಡ ಮಾರನೆಯ ವರ್ಷ ನಾನು ಕಂಪ್ಯೂಟರಿನಲ್ಲಿ ಯುದ್ಧ ಮಾಡುವುದನ್ನು ಕಲಿತೆ.

ಆಗ ನಾವು ಅಕ್ಕೂರಿನಲ್ಲಿದ್ದೆವು. ನಿಮ್ಮಮ್ಮನ ಡಿಪ್ಲೊಮಾ ಓದಿಗೆಂದು ತಾತ ಚನ್ನಪಟ್ಟಣದಿಂದ ತಂದಿದ್ದ ಹಳೆಯ ಕಂಪ್ಯೂಟರು ಪಡಸಾಲೆಯಲ್ಲಿತ್ತು. ಪಕ್ಕದ ಗೋಡೆಗೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಒರಗಿಸುತ್ತಿದ್ದೆವು. ಕಂಪ್ಯೂಟರಿನ ಜೊತೆ ಯಾರೋ ಬಿಟ್ಟಿದ್ದ ಆಟದ ಸಿ.ಡಿ.ಯೊಂದು ಬಂದಿತ್ತು. ತೆರೆಯ ತುಂಬ ಚೌಕ ಚೌಕವಾದ ಬಯಲು, ಎರಡು ಸೈನ್ಯ. ಒಬ್ಬರು ತಮ್ಮ ಕಡೆಯವರನ್ನೆಲ್ಲ ನಡೆಸಿ ಮುಗಿಸಿದ ಮೇಲೆಯೇ ಇನ್ನೊಬ್ಬರ ಸರದಿ. ಅವಸರವೇನಿಲ್ಲ, ಮುದ್ದೆಗೆ ಎಸರಿಟ್ಟು ಬಂದು ಆಡಬಹುದು.

ನಿಮ್ಮಮ್ಮನ ದೊಡ್ಡಪ್ಪ, ಎಂದರೆ ನನ್ನ ಭಾವ, ಸಂಜೆ ಹುಳು ನೋಡಲು ಬಂದವರು ಈ ಆಟದ ರುಚಿ ಹತ್ತಿಸಿಕೊಂಡರು. ನೀಲಿ ಸೈನ್ಯವನ್ನೇ ಆರಿಸಿಕೊಂಡರು. ನೀಲಿಯವರಿಗೆ ಕೋಟೆ, ಬಿಲ್ಲುಗಾರರು, ದಪ್ಪ ಗುರಾಣಿ. ಒಂದು ಸಂಜೆ ಸೊಪ್ಪು ಕತ್ತರಿಸುವ ಕೆಲಸ ಬಿದ್ದು, ಅವರ ಜೊತೆ ಆಡುತ್ತಿದ್ದ ನಿಮ್ಮಮ್ಮ ಎದ್ದಳು.

"ಆಟ ಅರ್ದಕ್ ಬುಟ್ಟು ಎಲ್ಗೋಯ್ತೀಯ ಮಗಾ?" ಎಂದರು ಭಾವ.

"ಅವ್ವ ಆಡ್ತಾಳೆ ದೊಡ್ಡಪ್ಪ. ದಿನಾ ನೋಡಿ ನೋಡಿ ಕಲ್ತವ್ಳೆ."

ನಾನು ಅಡುಗೆಮನೆಯಲ್ಲಿ ನಾಚಿ ನೀರಾದೆ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ಕೂರುತ್ತಿರಲಿಲ್ಲ, ನೇರವಾಗಿ ಮಾತಾಡುತ್ತಲೂ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರಿಗೆ ಹೇಳಬೇಕಾದುದನ್ನೆಲ್ಲ ಮೊದಲು ನಿಮ್ಮ ತಾತನ ಬಾಯಲ್ಲಿ, ಆಮೇಲೆ ನಿಮ್ಮಮ್ಮನ ಬಾಯಲ್ಲಿ ಹೇಳಿಸಿದವಳು ನಾನು. ಆದರೆ ಈ ಆಟಕ್ಕೆ ಎದುರುಬದುರು ಕೂರುವುದೇ ಬೇಕಿರಲಿಲ್ಲ. ಭಾವ ತಮ್ಮ ಸರದಿ ಮುಗಿಸಿ, ಕೆಮ್ಮಿ, ಜಗುಲಿಗೆ ಹೋಗುವರು. ನಾನು ಬಂದು ಆಡಿ ಒಳಗೆ ಸೇರಿಕೊಳ್ಳುವೆ.

"ನಂದಾಯ್ತು ಅಂತ ನಿಮ್ಮವ್ವಂಗೇಳು ಮಗಾ," ಎಂದು ಅವರು ಜಗುಲಿಯಿಂದ ಕೂಗುವರು. ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ನಿಮ್ಮಮ್ಮ ಬಂದು, "ಅವ್ವ, ದೊಡ್ಡಪ್ಪಂದಾಯ್ತಂತೆ," ಎಂದು ಹೇಳಿದ ಮೇಲೆಯೇ ನಾನು ಏಳುತ್ತಿದ್ದೆ.

ನನ್ನ ಪಾಲಿಗೆ ಬಂದದ್ದು ಕೆಂಪು ದಂಡು. ಅವರಿಗೆ ಕೋಟೆಯಿಲ್ಲ, ಗುರಾಣಿಯಿಲ್ಲ. ಕೊಡಲಿಯವರು, ಕುದುರೆಯವರು ಅಷ್ಟೆ. ನಾನು ನನ್ನ ಸ್ವಭಾವದಂತೆ ಎಲ್ಲರನ್ನೂ ಮೂಲೆಯ ಮರಗಳ ಹಿಂದೆ ಬಚ್ಚಿಟ್ಟೆ. ಭಾವನ ಬಿಲ್ಲುಗಾರರು ದೂರದಲ್ಲೇ ನಿಂತು ಒಬ್ಬೊಬ್ಬರನ್ನಾಗಿ ಕೆಡವಿದರು.

"ನಿಮ್ಮವ್ವ ಕೋಳಿ ಮುಚ್ಚಿದಂಗೆ ಮುಚ್ಕೊಂಡು ಕೂತವ್ಳಲ್ಲಾ!" ಎಂದು ಜಗುಲಿಯಲ್ಲಿ ನಕ್ಕರು.

ಸಿಟ್ಟು ಬಂತು. ಮರುದಿನ ಎಲ್ಲರನ್ನೂ ಓಡಿಸಿದೆ. ಕುದುರೆಗಳು ಮೊದಲು ಹೋಗಿ ಸತ್ತವು, ಕೊಡಲಿಯವರು ನಿಧಾನಕ್ಕೆ ಹೋಗಿ ಸತ್ತರು. ಅಂಥ ಎಷ್ಟೋ ಸೋಲುಗಳ ನಂತರ ನನಗೆ ಕೆಂಪಿನವರ ಗುಣ ತಿಳಿಯಿತು. ಅವರು ಕಾಯಬಾರದು, ಆದರೆ ಚದುರಲೂಬಾರದು. ಬಾಣ ಎಷ್ಟು ಚೌಕ ಹಾರುತ್ತದೆಂದು ನೋಡಿಕೊಂಡು, ಅದರಾಚೆಯ ಚೌಕದಲ್ಲಿ ಎಲ್ಲರೂ ಒಟ್ಟಾಗಬೇಕು. ಕುದುರೆಯವರು ಕೊಡಲಿಯವರಿಗಾಗಿ ನಿಲ್ಲಬೇಕು. ನುಗ್ಗಿದ ಮೇಲೆ, ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡಬೇಕಾದ ದಿನ ಮನೆಮಂದಿಯೆಲ್ಲ ಒಂದೇ ಸಲ ಕೈಹಾಕುವ ಹಾಗೆ ಎಲ್ಲರೂ ಒಟ್ಟಿಗೆ ಮೇಲೆ ಬೀಳಬೇಕು. ಹತ್ತು ಜನಕ್ಕೆ ಗಾಯ ಮಾಡುವುದಕ್ಕಿಂತ ಒಬ್ಬ ಬಿಲ್ಲುಗಾರನನ್ನು ಪೂರ್ತಿ ಮುಗಿಸುವುದು ಮೇಲು. ಗಾಯಗೊಂಡವನ ಬಾಣವೂ ಅಷ್ಟೇ ಜೋರಾಗಿ ತಗಲುತ್ತದೆ.

ನಾನು ಮೊದಲ ಸಲ ಗೆದ್ದ ಸಂಜೆ ಭಾವ ಬಹಳ ಹೊತ್ತು ತೆರೆಯನ್ನೇ ನೋಡಿದರು. "ಬಾಯಲ್ಲಿ ಒಂದ್ ಮಾತಿಲ್ಲ, ಒಳ್ಗೆ ಇಷ್ಟೊಂದ್ ಮಡಿಕ್ಕೊಂಡವ್ಳೆ," ಎಂದರು.

ಆ ದಿನಗಳಲ್ಲೇ ಬಿಡದಿ ಕಡೆಯ ಒಂದು ಹೊಸ ಕಾರ್ಖಾನೆಯಿಂದ ನಿಮ್ಮಮ್ಮನಿಗೆ ಕೆಲಸಕ್ಕೆ ಕರೆ ಬಂತು. ಹೆದ್ದಾರಿಯ ಪಕ್ಕ ರಾಗಿ ಹೊಲಗಳಿದ್ದ ಕಡೆ ತಗಡಿನ ದೊಡ್ಡ ದೊಡ್ಡ ಶೆಡ್ಡುಗಳು ಎದ್ದಿದ್ದವು. ಕೆಲಸದವರ ಬಸ್ಸು ಬೆಳಗಿನ ಜಾವ ನಮ್ಮೂರಿಗೂ ಬರತೊಡಗಿತ್ತು. ಸೋಮವಾರ ಹೋಗದಿದ್ದರೆ ಆ ಕೆಲಸ ಬೇರೆಯವರ ಪಾಲು.

"ಹೆಣ್ಮಗ ಫ್ಯಾಕ್ಟ್ರಿ ಬಸ್ ಹತ್ತದಾ? ಬ್ಯಾಡ. ಗಂಡು ನೋಡಾನ," ಎಂದುಬಿಟ್ಟರು ಭಾವ. ತಾತ ಹೋದ ಮೇಲೆ ಮನೆಯಲ್ಲಿ ಅವರದೇ ಕೊನೆಯ ಮಾತು.

ನಿಮ್ಮಮ್ಮ ಅಳಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮುಂದೆ ಕೂತು, "ಅವ್ವ, ನೀನೊಂದ್ ಮಾತು ಹೇಳು," ಎಂದಳು.

"ನಾನೆಂಗ್ ಹೇಳ್ಲೇ? ಅವ್ವ ಹಿಂಗಂದ್ಲು ಅಂತ ನೀನೇ ಹೇಳ್ಬುಡು."

"ನನ್ ವಿಷ್ಯ ನಾನೇ ಒತ್ಕೊಂಡೋದ್ರೆ ಅದು ನಿನ್ ಮಾತು ಅಂತ ದೊಡ್ಡಪ್ಪ ನಂಬ್ತಾರಾ?"

ನಿಜವೇ. ಎಲ್ಲಕ್ಕೂ ಅವಳ ಬಾಯನ್ನು ಎರವಲು ಪಡೆದಿದ್ದ ನನಗೆ, ಅವಳದೇ ವಿಷಯಕ್ಕೆ ಬಾಯಿರಲಿಲ್ಲ.

ಶನಿವಾರ ಸಂಜೆ ಭಾವ ಎಂದಿನಂತೆ ಆಡಿ ಜಗುಲಿಗೆ ಹೋದರು. ನಾನು ಕೊಡಲಿಯವರನ್ನು ಕೋಟೆಯ ಬಾಗಿಲಿಗೆ ತಂದು ನಿಲ್ಲಿಸಿದೆ. ನನ್ನ ಸರದಿ ಮುಗಿಯಿತು. "ಅವ್ವಂದಾಯ್ತು ದೊಡ್ಡಪ್ಪ," ಎಂದು ನಿಮ್ಮಮ್ಮ ಕೂಗಿದಳು. ನಾನು ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಸೆರಗು ಹೊದ್ದು, ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದೆ.

ಒಳಗೆ ಬಂದ ಭಾವ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಭಾವ, ಮಗ ಕೆಲಸಕ್ಕೆ ಹೋಗ್ಲಿ. ಅವರಪ್ಪ ಓದ್ಸಿದ್ದು ಅದ್ಕೇಯ. ನಾನು ಕಳಿಸ್ತೀನಿ."

ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಭಾವ ನನ್ನ ಕಡೆ ನೋಡದೆ ತೆರೆಯ ಕಡೆ ನೋಡಿದರು. ಆಮೇಲೆ ಕೇಳಿದರು:

"ಬಸ್ಸು ಎಲ್ಲಿ ನಿಲ್ತದೆ?"

"ಡೈರಿ ತಾವ."

"ಅಲ್ಲೀಗಂಟ ಕತ್ಲೆ ಇರ್ತದೆ. ಬ್ಯಾಟ್ರಿ ತಕ್ಕೊಂಡು ನಾನೇ ಬುಟ್ಟು ಬತ್ತೀನಿ." ಆಮೇಲೆ ಕುರ್ಚಿ ಎಳೆದುಕೊಂಡು, "ಒಸಿ ಸರ್ಕೋ ತಾಯಿ. ಕೋಟೆ ಬಾಗ್ಲಿಗೇ ಬಂದ್ಬುಟ್ಟಿದ್ದೀಯ, ನೋಡಾನ," ಎಂದರು.

ಸೋಮವಾರ ನಿಮ್ಮಮ್ಮ ಬಸ್ಸು ಹತ್ತಿದಳು. ಆ ಸಂಜೆ ಅವಳು ಇನ್ನೂ ಮನೆಗೆ ಬಂದಿರಲಿಲ್ಲ. ಭಾವ ಬಂದು ಆಡಿದರು, ಕೆಮ್ಮಿದರು, ಜಗುಲಿಗೆ ಹೋದರು. ಕೂಗಿ ಹೇಳಲು ನಡುವೆ ಯಾರೂ ಇರಲಿಲ್ಲ. ಅವರು ಮತ್ತೊಮ್ಮೆ ಕೆಮ್ಮಿದರು.

"ನಂದಾಯ್ತು ಕಣವ್ವ," ಎಂದರು ಕೊನೆಗೆ, ಬೀದಿಯ ಕಡೆ ಮುಖ ಮಾಡಿಕೊಂಡು.

"ಬಂದೆ ಭಾವ," ಎಂದೆ.