ಆಟಿನ್ ಮೂರನ್ನು ಬಿಟ್ಟ ಮಧ್ಯಾಹ್ನ

ಆವತ್ತು ಬೆಳಿಗ್ಗೆ ನಮ್ಮ ಮಹಡಿಯಲ್ಲಿ ಕುಕ್ಕರ್ ಕೂಗಿದ್ದು ನನ್ನ ಮನೆಯಲ್ಲಿ ಮಾತ್ರ. ಶ್ರಾವಣದ ಸಾತಮ್, ಕೃಷ್ಣಾಷ್ಟಮಿಯ ಹಿಂದಿನ ದಿನದ ಸಪ್ತಮಿ. ಗುಜರಾತಿಗಳ ಮನೆಗಳಲ್ಲಿ ಆ ದಿನ ಒಲೆ ಹಚ್ಚುವುದಿಲ್ಲ. ಹಿಂದಿನ ದಿನವೇ ಥೇಪ್ಲಾ ಎಂಬ ಮೆಂತ್ಯದ ರೊಟ್ಟಿ, ಪೂರಿ ಎಲ್ಲ ಮಾಡಿ ಮುಚ್ಚಿಟ್ಟು, ಗ್ಯಾಸ್ ಒಲೆಯನ್ನು ತೊಳೆದು ಕುಂಕುಮವಿಟ್ಟು, ಶೀತಲಾ ಮಾತೆಯ ಹೆಸರಿನಲ್ಲಿ ತಣ್ಣನೆಯದನ್ನೇ ಉಣ್ಣುತ್ತಾರೆ. ಗುಜರಾತಿನ ಬೋಪಾಲ್ ಬಡಾವಣೆಯ ಈ ಟವರಿಗೆ ಬಂದು ನಾಲ್ಕು ವರ್ಷವಾದರೂ ನನಗೆ ಮರೆತೇ ಹೋಗುತ್ತದೆ. ಮೊದಲ ವಿಶಲ್ಲಿಗೆ ನೆನಪಾಗಿ, ಕಾನ್ವೆಂಟಿನ ಚಾಪೆಲ್ಲಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದಾಗ ಕೆಮ್ಮಿದವಳ ಹಾಗೆ ನಾಚಿಕೆಯಾಯಿತು. ಉರಿ ಸಣ್ಣ ಮಾಡಿದೆ.

ನಮ್ಮವರು ಊಟದ ಮೇಜಿನ ಹತ್ತಿರ ಪೇಪರ್ ಹಿಡಿದು ಕೂತಿದ್ದರು. ಅವರಿಗೆ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಉಪ್ಪಿಟ್ಟಿನ ಕರಿಬೇವನ್ನು ತಟ್ಟೆಯ ಅಂಚಿಗೆ ಒಂದೊಂದಾಗಿ ಸಾಲು ಹಚ್ಚುವ ಅಭ್ಯಾಸ. ಆರನೆಯ ಎಲೆ ಇಟ್ಟವರು ಕೈ ತಡೆದರು.

"ನೋಡು, ಮತ್ತೊಂದು ಫ್ಲಾಟಿಗೆ ಪೊಲೀಸ್ರು ನುಗ್ಗಿದ್ದಾರೆ. ಎಲ್ಲಾ ಹೆಂಗಸರೇ. ಫೋಟೋದಲ್ಲಿ ದುಪಟ್ಟಾ ಮುಖಕ್ಕೆ ಎಳ್ಕೊಂಡು ಕೂತಿದ್ದಾರೆ."

"ಹಬ್ಬ ಅಂತ ಆಡ್ತಾರಲ್ವಾ ಇಲ್ಲಿ," ಎಂದೆ.

"ಹಬ್ಬಕ್ಕೆ ದೇವರು ಸಾಲ್ದಾ? ಇಸ್ಪೀಟೂ ಬೇಕಾ?"

ಈ ಊರಿನಲ್ಲಿ ಅದೊಂದು ವಿಚಿತ್ರ. ವರ್ಷವಿಡೀ ಎಲೆ ಮುಟ್ಟದ ಮನೆಗಳಲ್ಲೂ ಸಾತಮ್, ಆಠಮ್ ಬಂತೆಂದರೆ ಅತ್ತೆ, ಸೊಸೆ, ಮೊಮ್ಮಕ್ಕಳು ಹಾಸಿಗೆ ಹಾಸಿ ತೀನ್ ಪತ್ತಿಗೆ ಕೂರುತ್ತಾರೆ. ಕಾನೂನು ಒಪ್ಪುವುದಿಲ್ಲ, ಪದ್ಧತಿ ಬಿಡುವುದಿಲ್ಲ.

ನಮ್ಮವರ ಸಿಟ್ಟಿಗೆ ಬೇರೆ ಬೇರಿದೆ. ಅವರ ಅಣ್ಣ ಒಂದು ದೀಪಾವಳಿಯ ದಿನ ಎಣ್ಣೆ ಹಚ್ಚಿಕೊಂಡವರು ಸ್ನಾನಕ್ಕೂ ಕಾಯದೆ ಇಸ್ಪೀಟಿನ ಕ್ಲಬ್ಬಿಗೆ ಹೋದರಂತೆ. ಅಲ್ಲಿ ಸೋತವರು ಊರನ್ನೇ ಬಿಟ್ಟರಂತೆ, ಅಲ್ಲಿಂದಾಚೆ ಆ ಮನೆಯ ಪಂಕ್ತಿಯಲ್ಲಿ ಅವರು ಕೂರಲೇ ಇಲ್ಲ. ನಮ್ಮ ಅತ್ತೆಯವರು ಮನೆಯಲ್ಲಿದ್ದ ಇಸ್ಪೀಟೆಲೆಗಳನ್ನೆಲ್ಲ ಹಂಡೆಯ ಒಲೆಗೆ ಹಾಕಿದರಂತೆ. ನನ್ನನ್ನು ನೋಡಲು ಬಂದ ದಿನ ನಮ್ಮವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮಲ್ಲಿ ಯಾರಾದ್ರೂ ಇಸ್ಪೀಟು ಆಡ್ತಾರಾ?" ಇಲ್ಲ ಎಂದಿದ್ದೆ. ಆವತ್ತಿಗೆ ಅದು ನಿಜವೇ ಆಗಿತ್ತು.

ಸುಳ್ಳಾಗಿದ್ದು ಇಲ್ಲಿಗೆ ಬರುವ ಮೊದಲು ನಾವಿದ್ದ ವಡೋದರಾದಲ್ಲಿ. ಅಲ್ಲಿನ ಗೋರ್ವಾ ಬಡಾವಣೆಯ ಬಾಡಿಗೆ ಮನೆ. ಮಗಳು ಶಾಲೆಗೆ, ಇವರು ಕೆಲಸಕ್ಕೆ ಹೋದ ಮೇಲೆ ಮಾತಾಡಲು ಜನವಿಲ್ಲ, ಜನರಿದ್ದರೂ ನನಗೆ ಭಾಷೆ ಬರದು. ಮಗಳ ಪಾಠಕ್ಕೆಂದು ತಂದ ಹಳೆಯ ಕಂಪ್ಯೂಟರಿನಲ್ಲಿ ಯಾರೋ ಬಿಟ್ಟುಹೋದ ಒಂದು ಆಟವಿತ್ತು, ವಿಡಿಯೋ ಪೋಕರ್. ಪರದೆ ಐದು ಎಲೆ ಕೊಡುತ್ತದೆ. ಬೇಕಾದ್ದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಒಂದು ಸಲ ಬದಲಾಯಿಸಬಹುದು. ಜೋಡಿಯಾದರೆ ಇಷ್ಟು ಪಾಯಿಂಟು, ಐದೂ ಒಂದೇ ಜಾತಿಯಾದರೆ ಇಷ್ಟು ಎಂದು ಮೇಲೊಂದು ಪಟ್ಟಿ. ಎದುರಿಗೆ ಮನುಷ್ಯರಿಲ್ಲ. ದುಡ್ಡಂತೂ ಒಂದು ದಿನವೂ ಹಾಕಿದವಳಲ್ಲ. ಮೊದಮೊದಲು ಅದೃಷ್ಟ ಎಂದುಕೊಂಡಿದ್ದೆ. ಆಡುತ್ತ ಆಡುತ್ತ, ಬಂದ ಪ್ರತಿ ಐದು ಎಲೆಗೂ ಒಂದು ಸರಿಯುತ್ತರ ಇದೆ ಎಂದು ತಿಳಿಯಿತು. ಕಾನ್ವೆಂಟಿನಲ್ಲಿ ಗಣಿತದ ಸಿಸ್ಟರ್ ಕೊಡುತ್ತಿದ್ದ ಲೆಕ್ಕಗಳ ಹಾಗೆ. ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕೆಂಬ ಕ್ರಮವನ್ನು ಅಡುಗೆ ಪುಸ್ತಕದ ಹಿಂಭಾಗದಲ್ಲಿ, ಮೆಂತ್ಯದ ಹಿಟ್ಟಿಗೂ ಸಾರಿನ ಪುಡಿಗೂ ನಡುವೆ, ಕಾನ್ವೆಂಟಿನಲ್ಲಿ ಕಲಿಸಿದ ಕೂಡುಬರಹದಲ್ಲಿ ಬರೆದಿಟ್ಟೆ. ಒಂದು ವರ್ಷದೊಳಗೆ ಆ ಪುಟ ನೋಡುವ ಅಗತ್ಯವೇ ಉಳಿಯಲಿಲ್ಲ. ಆಮೇಲೆ ಆಟ ನನ್ನ ಫೋನಿಗೆ ಬಂತು. ಮಗಳು ಕಾಲೇಜಿಗೆಂದು ವಡೋದರಾದಲ್ಲೇ ಹಾಸ್ಟೆಲ್ ಸೇರಿದಳು. ನಾವು ಇಲ್ಲಿಗೆ ಬಂದೆವು. ನಾನು ಆಡುತ್ತಲೇ ಇದ್ದೆ, ಬೇಳೆ ಬೇಯುವ ಹೊತ್ತಿಗೆ, ಬಟ್ಟೆ ಒಣಗುವ ಹೊತ್ತಿಗೆ.

ಚೆನ್ನಾಗಿ ಆಡುವವರು ಹೊರಗೆ ಹೇಳದ ಮಾತು ಕೆಲವಿವೆ. ಸರಿಯಾಗಿ ಆಡಿದರೂ ಹೆಚ್ಚಿನ ಸಲ ಸೋಲೇ. ಸೋತಾಗ ಬೇಸರವಾಗುವುದು ನಿಂತುಹೋಗುತ್ತದೆ, ಗೆದ್ದಾಗ ಖುಷಿಯಾಗುವುದೂ. ಎದೆ ತಣ್ಣಗಾಗುತ್ತದೆ, ಕೈ ಮಾತ್ರ ನಡೆಯುತ್ತಿರುತ್ತದೆ. ಮನೆಯವರಿಂದ ಮುಚ್ಚಿಡಬೇಕಾದ್ದು ಆ ತಣ್ಣಗಿರುವಿಕೆಯನ್ನು. ದುಡ್ಡಿಲ್ಲ, ಬರೀ ಪಾಯಿಂಟು ಎಂದು ನಮ್ಮವರಿಗೆ ಹೇಳಬಹುದಿತ್ತು. ಆದರೆ ಅಣ್ಣನನ್ನು ಕಳೆದುಕೊಂಡವರಿಗೆ, ಇಷ್ಟು ವರ್ಷ ನಿಮ್ಮ ಬೆನ್ನ ಹಿಂದೆ ಆಡಿದೆ ಎಂದು ಹೇಗೆ ಹೇಳುವುದು? ಅವರಿಗೆ ತಿಳಿದರೆ ನನ್ನ ಕೈಯ ಅನ್ನವನ್ನು ಅವರು ಮೊದಲಿನ ಹಾಗೆ ಉಣ್ಣಲಾರರು. ನನ್ನ ಭಯ ಅದೊಂದೇ. ಬಾಗಿಲ ಬೀಗದಲ್ಲಿ ಅವರ ಕೀಲಿ ತಿರುಗಿದಾಗೆಲ್ಲ ಫೋನನ್ನು ಅಕ್ಕಿಡಬ್ಬದ ಮೇಲೆ ಮಗುಚಿ ಇಟ್ಟು ಎದ್ದಿದ್ದೇನೆ.

ಹತ್ತು ಗಂಟೆಗೆ ಎದುರು ಮನೆಯಾಕೆ, ಇಲ್ಲಿನ ರೂಢಿಯಂತೆ ನಾನು 'ಬೆನ್' ಎಂದು ಕರೆಯುವವರು, ತಣ್ಣನೆಯ ಥೇಪ್ಲಾ ತಟ್ಟೆ ಹಿಡಿದು ಬಂದರು. ಅವರ ಮನೆಯ ಆಟಕ್ಕೆ ಕರೆದಾಗೆಲ್ಲ, ಮೂರು ವರ್ಷ, ತಲೆನೋವು, ನೆಂಟರು, ಏಕಾದಶಿ ಎಂದು ತಪ್ಪಿಸಿಕೊಂಡಿದ್ದೆ.

"ಭಾಭಿ, ಈ ಸಲ ಯಾವ ನೋವು?" ಎಂದರು ಹಿಂದಿಯಲ್ಲಿ, ಸೊಂಟಕ್ಕೆ ಕೈಯಿಟ್ಟು. "ಸೂರತ್‌ನಿಂದ ನನ್ನ ತಮ್ಮ ಒಂದು ಹೊಸ ಸಾಮಾನು ಕಳಿಸಿದ್ದಾನೆ. ಆಡಬೇಡಿ, ಬರೀ ನೋಡೋಕೆ ಬನ್ನಿ. ನಿಮ್ಮ ಕುಕ್ಕರ್ ಕೂಗಿದ್ದನ್ನ ಕ್ಷಮಿಸ್ತೀವಿ!"

ಬರೀ ನೋಡೋಕೆ ಎಂದೇ ಮಧ್ಯಾಹ್ನ ಹೋದೆ.

ಪರದೆ ಎಳೆದಿದ್ದರು, ಎ.ಸಿ. ಹಾಕಿದ್ದರು. ಹಾಸಿಗೆಯ ಮೇಲೆ ಆರೇಳು ಹೆಂಗಸರು ತೀನ್ ಪತ್ತಿಗೆ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಬೆನ್ ಅವರ ಅತ್ತೆ, ಅಮ್ಮ ಎಂಬ ಅರ್ಥದಲ್ಲಿ ಎಲ್ಲರೂ 'ಬಾ' ಎನ್ನುವವರು, ಚೀಲದೊಳಗೆ ಕೈಯಿಟ್ಟು ಜಪಮಣಿ ಎಣಿಸುತ್ತಿದ್ದರು. ಬೆನ್ ಮೇಜಿನ ಮೇಲಿನ ಬೆಡ್‌ಶೀಟನ್ನು ಎಳೆದರು. ಕೆಳಗಿದ್ದದ್ದು ವಿಡಿಯೋ ಪೋಕರಿನ ಮಿಷಿನ್ನು, ಮುಚ್ಚಿಹೋದ ಯಾವುದೋ ಗೇಮ್ ಪಾರ್ಲರಿನದಂತೆ. ಗುಂಡಿಗಳು ಸವೆದು ಬೆಳ್ಳಗಾಗಿದ್ದವು. ನನ್ನ ಕಣ್ಣು ಮೊದಲು ಹೋದದ್ದು ಮೇಲಿನ ಪಟ್ಟಿಗೆ. ಒಂದೇ ಅಂಕಿಯ ಮೂರು ಎಲೆಗೆ ಇನ್ನೊಂದು ಜೋಡಿ ಕೂಡಿದರೆ ಒಂಬತ್ತು ಪಾಯಿಂಟು, ಐದೂ ಒಂದೇ ಜಾತಿಗೆ, ಇಲ್ಲಿಯವರು ಕಲರ್ ಎನ್ನುವುದಕ್ಕೆ, ಆರು. ಒಳ್ಳೆಯ ಪಟ್ಟಿ ಎಂದುಕೊಂಡೆ. ಹಾಗೆಂದುಕೊಂಡದ್ದಕ್ಕೇ ಕಣ್ಣನ್ನು ಬೇರೆ ಕಡೆ ತಿರುಗಿಸಿದೆ.

"ಪೊಲೀಸ್ ಬಂದ್ರೆ ಭಜನೆ ಶುರು ಮಾಡೋದು, ಗೊತ್ತಲ್ಲ?" ಎಂದರು ಬೆನ್. ತಾಳ ನಿಜಕ್ಕೂ ದಿಂಬಿನ ಪಕ್ಕದಲ್ಲೇ ಇತ್ತು.

ಅವರು ಹೇಳಿ ಕಾಲು ಗಂಟೆಯೂ ಆಗಿರಲಿಲ್ಲ, ಬಾಗಿಲ ಗಂಟೆ ಬಾರಿಸಿತು. ಒಂದು ಸಲ. ಮತ್ತೆ ಎರಡು ಸಲ. ಎಲೆಗಳು ಹಾಸಿಗೆಯ ಕೆಳಗೆ, ಬೆಡ್‌ಶೀಟು ಮಿಷಿನ್ನಿನ ಮೇಲೆ. ಯಾರೋ ತಾಳ ಎತ್ತಿಕೊಂಡು ನಡುಗುವ ದನಿಯಲ್ಲಿ ಅಂಬೆಯನ್ನು ಕರೆಯತೊಡಗಿದರು. ನಾನು ಗೋಡೆಗೆ ಒತ್ತಿಕೊಂಡು ನಿಂತೆ. ನಾಳೆಯ ಪೇಪರು ಕಣ್ಣಿಗೆ ಬಂತು. ನಾನು ದುಪಟ್ಟಾ ಹಾಕುವವಳಲ್ಲ. ಸೆರಗು ಎಳೆದುಕೊಂಡರೂ ಆ ಸೀರೆಯನ್ನು ತಂದುಕೊಟ್ಟವರಿಗೆ ಗುರುತು ಸಿಗದೇ ಇದ್ದೀತೆ?

ವಾಟರ್ ಫಿಲ್ಟರ್ ರಿಪೇರಿಯವನು. ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು, ಭಕ್ತಿಯಿಂದ ಕೈಮುಗಿದ. ಅವನನ್ನು ನಾಳೆ ಬಾ ಎಂದು ಕಳಿಸಿ ಬಾಗಿಲು ಹಾಕಿದ್ದೇ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ಕಣ್ಣಲ್ಲಿ ನೀರು ಬರುವಷ್ಟು ನಗು. ಆ ನಗುವಿನಲ್ಲಿ ಮೈ ಸಡಿಲಾಗಿತ್ತು. ಬೆನ್ ನನ್ನ ಭುಜ ಹಿಡಿದು ಮಿಷಿನ್ನಿನ ಮುಂದೆ ಕೂರಿಸಿದಾಗ ಕೂತುಬಿಟ್ಟೆ.

ಮೂರು ಆಟ ಬೇಕೆಂದೇ ಕೆಡಿಸಿದೆ. ಜೋಡಿಯ ಜೊತೆಗೆ ಎಕ್ಕವನ್ನೂ ಇಟ್ಟುಕೊಂಡೆ, ಅವರೆಲ್ಲ ಮಾಡುತ್ತಿದ್ದ ಹಾಗೆ. "ಅಯ್ಯೋ" ಎಂದೆ, ನಾಲಿಗೆ ಕಚ್ಚಿಕೊಂಡೆ. ಹಾಗೆ ತಪ್ಪು ಮಾಡುವುದು ಎಷ್ಟು ಕಷ್ಟವೆಂದರೆ, ರುಚಿ ನೋಡಿಯೂ ಸಾರಿಗೆ ಉಪ್ಪು ಹಾಕದೆ ಬಿಟ್ಟ ಹಾಗೆ.

ನಾಲ್ಕನೆಯದರಲ್ಲಿ ಐದೂ ಆಟಿನ್ ಬಂದವು. ಹತ್ತು, ಗುಲಾಮ, ರಾಣಿ, ರಾಜ, ಕೊನೆಯಲ್ಲಿ ಒಂದು ಮೂರು.

"ಕಲರ್! ಕಲರ್!" ಎಂದು ಹಿಂದಿನಿಂದ ಕೂಗಿದರು. "ಐದೂ ಇಟ್ಕೊಳ್ಳಿ ಭಾಭಿ, ಗೆದ್ರಿ!"

ನಿಜ, ಗೆದ್ದಾಗಿತ್ತು. ಆದರೆ ಮೂರನ್ನು ಬಿಟ್ಟರೆ ಆಟಿನ್ ಎಕ್ಕ ಬರುವ ದಾರಿ ತೆರೆಯುತ್ತದೆ. ಹತ್ತರಿಂದ ಎಕ್ಕದವರೆಗಿನ ಆ ಸಾಲೇ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಬರುವುದು ಅಪರೂಪ, ಆದರೂ ಬಿಡುವುದೇ ಸರಿ. ಆಟ ಗೊತ್ತಿಲ್ಲದವರು ಯಾರೂ ಕೈಗೆ ಬಂದದ್ದನ್ನು ಹಾಗೆ ಮುರಿಯುವುದಿಲ್ಲ. ಇದನ್ನೆಲ್ಲ ನಾನು ಆಗ ಯೋಚಿಸಲಿಲ್ಲ. ಬೆರಳು ನಾಲ್ಕು ಗುಂಡಿ ಒತ್ತಿ, ಐದನೆಯದನ್ನು ಬಿಟ್ಟು, ಎಲೆ ಬದಲಾಯಿಸಿಯೂ ಆಗಿತ್ತು.

ಕ್ಲಾವರ್ ನಾಲ್ಕು ಬಂತು. ಏನೂ ಇಲ್ಲ.

"ಹಾಯ್ ಹಾಯ್! ಬಾಯಿಗೆ ಬಂದ ಲಾಡನ್ನ ನಾಯಿಗೆ ಹಾಕಿದ್ರಲ್ಲ ಭಾಭಿ!"

"ಸಾಂಬಾರ್ ಜಾಸ್ತಿಯಾಗಿ ತಲೆಗೇರಿದೆ ಇವರಿಗೆ!"

ಆಗಲಾದರೂ ನಾನು ಅಯ್ಯೋ ಎನ್ನಬೇಕಿತ್ತು. ಎನ್ನಲಿಲ್ಲ. ನನ್ನ ಹೆಬ್ಬೆರಳು ಆಗಲೇ ಮುಂದಿನ ಆಟದ ಗುಂಡಿಯ ಮೇಲಿತ್ತು. ಕುರ್ಚಿಯ ಕಡೆಯಿಂದ ಬರುತ್ತಿದ್ದ ಮಣಿಗಳ ಸದ್ದು ನಿಂತಿತ್ತು. ತಿರುಗಿ ನೋಡಿದೆ. ಬಾ ನನ್ನ ಮುಖವನ್ನೇ ನೋಡುತ್ತಿದ್ದರು.

ಮಿಕ್ಕವರು ತಣ್ಣನೆಯ ಖೀರು ಹಂಚಿಕೊಳ್ಳಲು ಅಡುಗೆಮನೆಗೆ ಹೋದಾಗ ಅವರು ಮೆಲ್ಲಗೆ ಕೇಳಿದರು, "ಎಷ್ಟು ವರ್ಷ ಆಯ್ತು ಮಗಳೇ?"

"ಏನು ಬಾ?"

"ನನ್ನ ಗಂಡ ಪ್ರತಿ ಶ್ರಾವಣ ಆಡ್ತಿದ್ರು. ಗೆದ್ದು ಕುಣಿಯೋರನ್ನ ಬೇಕಾದಷ್ಟು ನೋಡಿದ್ದೀನಿ. ಸೋತು ಮುಖ ಅಲ್ಲಾಡದೋರು ಹೊಸಬರಲ್ಲ." ಒಂದು ಮಣಿ ಸರಿಸಿದರು. "ಸಾಹೇಬರಿಗೆ ಗೊತ್ತಾ?"

ಇಲ್ಲ ಎಂದು ತಲೆಯಾಡಿಸಿದೆ.

"ನನ್ನ ಬಾಯಿಂದ ಬರಲ್ಲ," ಎಂದರು ಬಾ. ಅವರನ್ನು ನಂಬಿದೆ. ಆದರೆ ಅಡುಗೆಮನೆಯಿಂದ ಇನ್ನೂ ನಗು ಕೇಳುತ್ತಿತ್ತು. ಅರ್ಥವಾದವರು ಸುಮ್ಮನಿದ್ದಾರು. ಅರ್ಥವಾಗದವರಿಗೆ ಅದು ತಮಾಷೆ, ಮತ್ತು ತಮಾಷೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವವರು ಯಾರು? ಖೀರನ್ನು ಎರಡೇ ಗುಟುಕಿಗೆ ಕುಡಿದು ಮನೆಗೆ ಹೊರಟೆ.

ಆರೂವರೆಗೆ ನಮ್ಮವರು ಬಂದರು. ಕಾಫಿ ಕೊಟ್ಟೆ. ಲೋಟ ಬಟ್ಟಲಿಗೆ ಕೂರುವ ಸದ್ದಿಗೂ ಬೆಚ್ಚಿದೆ.

"ರೀ," ಎಂದೆ.

"ಹೂಂ?"

"ಕೊತ್ತಂಬರಿ ಇಲ್ಲ."

"ಹಾಗಿದ್ರೆ ಬಾ, ಇಬ್ಬರೂ ಕೆಳಗೆ ಹೋಗಿ ಬರೋಣ," ಎಂದು ಚಪ್ಪಲಿ ಮೆಟ್ಟಿದರು. ಒಳ್ಳೆಯ ಮನಸ್ಸಿನಲ್ಲಿದ್ದರು. ಬಾಗಿಲಿಗೆ ಬೀಗ ಹಾಕುವಾಗ ಈಗ ಹೇಳಿಬಿಡಲೇ ಎಂದುಕೊಂಡೆ. ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದ ಕೇಳಲಿ. ಬಾಯಿ ತೆರೆದೆ. ಅಷ್ಟರಲ್ಲಿ ಲಿಫ್ಟು ಬಂತು.

ಒಳಗೆ ಬೆನ್ ಅವರ ಗಂಡ ನಿಂತಿದ್ದರು, ಕೈಯಲ್ಲಿ ಎರಡು ಹಾಲಿನ ಪ್ಯಾಕೆಟ್ಟು. ಅವರು ನಮ್ಮ ಮಹಡಿಯಲ್ಲೇ ಇಳಿಯಬೇಕಿತ್ತು. ಹೊರಗೆ ಬಂದವರು ನಮ್ಮವರನ್ನು ಕಂಡು ನಕ್ಕು, ಲಿಫ್ಟಿನ ಬಾಗಿಲಿಗೆ ಮೊಣಕೈ ಕೊಟ್ಟು ತಡೆದು ನಿಂತರು. ನಾನು ಲಿಫ್ಟಿನ ಗುಂಡಿಗಳನ್ನೇ ನೋಡುತ್ತ ನಿಂತೆ.

"ಸಾಹೇಬ್, ಕೈಗೆ ಬಂದ ಕಲರ್ ಅನ್ನ ಭಾಭಿ ಎಸೆದ್ರಂತೆ ಅಂತ ನಮ್ಮವಳು ಇನ್ನೂ ನಗ್ತಿದ್ದಾಳೆ. ಹುಚ್ಚಿ, ಅದೇ ಸರಿಯಾದ ಆಟ ಅಂದೆ, ಹತ್ತಾರು ವರ್ಷ ಆಡಿದವರಿಗೇ ಅದು ಹೊಳೆಯೋದು. ನೀವೇ ಕಲಿಸಿದ್ದೋ, ತವರಿಂದ ಕಲಿತು ಬಂದಿದ್ದೋ?"